ಕಾಗದ ಕುಡಿದ ನೀರು

ಮಿಲ್ಲಿಗೆ ಹೋದ ರದ್ದಿ ಲೋಡು ತಿರುಗಿ ಬಂದದ್ದು ಆ ಮನೆಯಲ್ಲಿ ಅದೇ ಮೊದಲು.

ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಬೀದಿಯಲ್ಲಿ ಟೆಂಪೋ ನಿಂತ ಸದ್ದಾಯಿತು. ಖಾಲಿ ಟೆಂಪೋ ಬರುವಾಗ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಎನ್ನುತ್ತದೆ. ಇದು ಎನ್ನಲಿಲ್ಲ. ದಿನ ತುಂಬಿದ ಬಸುರಿಯ ಹಾಗೆ ಮೆಲ್ಲಗೆ ಬಂದು ಉಸ್ಸೆಂದು ನಿಂತಿತು. ಅನ್ನ ಬಡಿಸುತ್ತಿದ್ದ ಅಮ್ಮನ ಕೈ ಅರ್ಧದಲ್ಲೇ ನಿಂತಿತು.

ಅಳಿಯ ಒಳಗೆ ಬಂದ. ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತ.

"ಏನ್ ಅಳಿಯಂದ್ರೇ, ಮಿಲ್ಲಿಗೆ ಬಾಗಿಲು ಹಾಕಿದ್ರಾ?" ಎಂದರು ಯಜಮಾನರು, ತುತ್ತು ಕಲಸುತ್ತಲೇ.

"ಮಿಲ್ಲಿಗೆ ಹಾಕಿಲ್ಲ ಮಾವ. ನಮಗೆ ಹಾಕಿದ್ರು."

"ಅಂದ್ರೆ?"

"ಹದಿನೆಂಟು ಬಂತು. ಇನ್ನೊಂದು ಕಡೆ ಚುಚ್ಚಿ ನೋಡಪ್ಪ ಅಂದೆ. ಚುಚ್ಚಿದ. ಹತ್ತೊಂಬತ್ತು ಬಂತು. ಮೂರನೇ ಸಲ ಕೇಳೋ ಧೈರ್ಯ ಆಗ್ಲಿಲ್ಲ."

ಕಾಗದ ಎಷ್ಟೇ ಒಣಗಿದ್ದರೂ ಅದರೊಳಗೆ ಒಂದಿಷ್ಟು ನೀರು ಇದ್ದೇ ಇರುತ್ತದೆ. ನೂರು ಕಿಲೋದಲ್ಲಿ ಹನ್ನೆರಡು ಕಿಲೋ ನೀರಿದ್ದರೆ ಮಿಲ್ಲಿನವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದಕ್ಕಿಂತ ಮೇಲೆ ಹೋದರೆ ದರ ಕಡಿಯುತ್ತಾರೆ, ಇನ್ನೂ ಮೇಲೆ ಹೋದರೆ ಗೇಟು ತೋರಿಸುತ್ತಾರೆ. ಕಾಗದದ ದುಡ್ಡು ಕೊಟ್ಟು ನೀರು ಕೊಳ್ಳಲು ಅವರಿಗೇನು ಹುಚ್ಚೇ? ಹಿಂದೆಲ್ಲ ಬೇಲುಗಳ ಮೇಲೆ, ಅಂದರೆ ಪ್ರೆಸ್ಸಿನಲ್ಲಿ ಒತ್ತಿ ತಂತಿ ಬಿಗಿದ ಆ ಆಳೆತ್ತರದ ಕಟ್ಟುಗಳ ಮೇಲೆ, ಸುಮ್ಮನೆ ಅಂಗೈ ಆಡಿಸಿ ಒಳಗೆ ಬಿಡುತ್ತಿದ್ದರು. ಈಗ ಮೀಟರು ಬಂದಿದೆ. ಅದಕ್ಕೆ ತೋಳುದ್ದದ ಸೂಜಿ. ಬೇಲಿನ ಹೊಟ್ಟೆಗೇ ಚುಚ್ಚಿ ನೋಡುತ್ತದೆ.

"ಮೀಟರಿನವನೇನಂದ?" ಎಂದರು ಯಜಮಾನರು.

"ಬಿಡಿ ಮಾವ."

"ಏನಂದ ಅಂತ ಕೇಳ್ದೆ."

"ನೀರೇ ಮಾರೋದಾದ್ರೆ ಒಂದು ಟ್ಯಾಂಕರ್ ತಗೊಳ್ಳಿ ಅಂತ ನಿಮ್ಮ ಮಾವನಿಗೆ ಹೇಳು ಅಂದ. ಗೇಟಲ್ಲಿ ಸಾಲಾಗಿ ನಿಂತಿದ್ದ ಲಾರಿಯವರೆಲ್ಲ ನಕ್ಕರು. ಇನ್ನೊಂದು ಸಲ ಹೀಗಾದ್ರೆ ನಮ್ಮ ಗಾಡಿ ಒಳಗೇ ಬಿಡಲ್ವಂತೆ."

ಯಜಮಾನರು ತಟ್ಟೆಯಲ್ಲೇ ಕೈ ತೊಳೆದರು. ಅನ್ನ ಹಾಗೇ ಉಳಿಯಿತು.

ಆ ಮನುಷ್ಯನಿಗೆ ಇಡೀ ಬೀದಿಯಲ್ಲಿ "ಗರಿಗರಿ ಯಜಮಾನರು" ಎಂದೇ ಹೆಸರು. ರದ್ದಿ ಕೊಳ್ಳುವಾಗ ಒಂದು ಹಾಳೆ ಎಳೆದು, ಕಿವಿಯ ಹತ್ತಿರ ಹಿಡಿದು ಮುದುರುವುದು, "ಗರಿಗರಿ ಅನ್ಬೇಕು, ಅಂದ್ರೆ ತಗೋತೀನಿ" ಎನ್ನುವುದು. ಒಂದು ಗುಟುಕು ನೀರು ಹೆಚ್ಚು ಕುಡಿದ ಕಾಗದವೂ ಆ ಕಿವಿಗೆ ಸಿಕ್ಕಿಬೀಳುತ್ತಿತ್ತು. ಸುತ್ತಲಿನ ಗೋದಾಮಿನವರು ರದ್ದಿಗೆ ಪೈಪು ಹಿಡಿದು ತೂಕ ಏರಿಸಿದ ಕಾಲದಲ್ಲೂ ಈತ ಒಂದು ಹನಿ ಬೆರೆಸಿದವರಲ್ಲ. ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಇದ್ದರೆ ಅದೊಂದೇ.

ಮನೆಯೆಂದರೂ ಗೋದಾಮೆಂದರೂ ಒಂದೇ. ಮುಂದೆ ತಗಡಿನ ಮಾಡಿನ ಗೋದಾಮು, ಹಿಂದೆ ಅಡುಗೆಮನೆ, ಮೇಲೆ ಎರಡು ಕೋಣೆ. ಅಳಿಯ ಒಂದು ಬೇಲನ್ನು ಕೆಳಗೆ ಉರುಳಿಸಿ ತಂತಿ ಕತ್ತರಿಸಿದ. ಬಿಗಿದಿದ್ದ ಕಾಗದ ಬುಸ್ಸೆಂದು ಉಬ್ಬಿತು. ಯಜಮಾನರು ಮೇಲಿನ ಹಾಳೆ ಎಳೆದು ಮುದುರಿದರು. ಗರಿಗರಿ. ಆಮೇಲೆ ಮೊಣಕೈವರೆಗೆ ಒಳಗೆ ಕೈ ತೂರಿಸಿ ಒಂದು ಹಿಡಿ ಕಿತ್ತರು. ಮುದುರಿದರೆ ಸದ್ದೇ ಇಲ್ಲ, ಬೇಯಿಸಿದ ಸೊಪ್ಪಿನ ಹಾಗೆ ಮುದ್ದೆಯಾಯಿತು. ಮುಗ್ಗಲು ವಾಸನೆ ಅಡುಗೆಮನೆಯವರೆಗೂ ಬಂತು.

"ಹೊರಗೆ ಒಣ, ಒಳಗೆ ಒದ್ದೆ" ಎಂದರು ಅವರು. "ಮಳೆ ನೀರಾದ್ರೆ ಹೊರಗೆ ಒದ್ದೆಯಾಗ್ಬೇಕಿತ್ತು. ಪ್ರೆಸ್ಸಿಗೆ ಹೋಗೋ ಮೊದಲೇ ಇದಕ್ಕೆ ನೀರು ಸೇರಿದೆ. ತರೋವಾಗ್ಲೇ ಸೇರಿದೆ."

ತರುವವನು ಅಳಿಯ. ಎಲ್ಲರ ಕಣ್ಣೂ ಅತ್ತ ಹೋಯಿತು.

"ನಾನು ಟಾರ್ಪಾಲು ಕಟ್ಟೇ ತರ್ತೀನಿ ಮಾವ."

"ಕಟ್ತೀರಿ. ಹೇಗೆ ಕಟ್ತೀರೋ ಯಾರಿಗೆ ಗೊತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅಮ್ಮ, ಯಜಮಾನರ ಹೆಂಡತಿ, ತನ್ನ ಒದ್ದೆ ಸೆರಗು ಮುಟ್ಟಿ ನೋಡಿಕೊಂಡಳು. ಅದು ಪಾತ್ರೆ ತೊಳೆದ ಒದ್ದೆ. ಆದರೂ ಮುಟ್ಟಿ ನೋಡಿಕೊಂಡಳು.

ಆ ನೀರಿನ ಕಥೆ ಹೀಗೆ. ಹಿಂದಿನ ವರ್ಷ ಯಜಮಾನರಿಗೆ ಕೆಮ್ಮು ಹಿಡಿಯಿತು. ಸಾಮಾನ್ಯ ಕೆಮ್ಮಲ್ಲ. ಕೂತರೆ ಕೆಮ್ಮು, ನಿಂತರೆ ಕೆಮ್ಮು, ಊಟಕ್ಕೆ ಕೂತರೆ ಬಾಯಲ್ಲಿದ್ದ ಅನ್ನ ಎದುರಿನವರ ತಟ್ಟೆಗೆ ಹಾರುವಷ್ಟು ಕೆಮ್ಮು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಕಾಗದದ ಧೂಳು ಒಳಗೆ ಮನೆ ಮಾಡಿದೆ. ಧೂಳಿನ ಹತ್ತಿರ ಹೋಗ್ಬೇಡಿ, ಹೋದ್ರೆ ಮೂಗು ಬಾಯಿ ಕಟ್ಕೊಳ್ಳಿ" ಎಂದರು. ಯಜಮಾನರು ಮನೆಗೆ ಬಂದು ನಕ್ಕರು. "ಧೂಳು ಬಿಟ್ಟು ಇರೋಕೆ ನಾನೇನು ಬಟ್ಟೆ ಅಂಗಡಿ ಇಟ್ಟಿದ್ದೀನಾ? ಬಾಯಿ ಕಟ್ಕೊಂಡು ಕೂರೋಕೆ ಮೇವು ಕದಿಯೋ ದನವಾ?" ಎಂದರು. ಅಮ್ಮ ಹೊಲಿದು ಕೊಟ್ಟ ಮುಖಬಟ್ಟೆ ತಕ್ಕಡಿ ಒರೆಸಲು ಹೋಯಿತು.

ಇನ್ನು ಇವರನ್ನು ತಿದ್ದುವುದು ಆಗದ ಮಾತು, ಧೂಳನ್ನೇ ತಿದ್ದೋಣ ಎಂದುಕೊಂಡಳು ಅಮ್ಮ. ಕಸ ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ ಎನ್ನುವುದು ಪೊರಕೆ ಹಿಡಿದವರಿಗೆಲ್ಲ ಗೊತ್ತು. ಒಂದು ತಗಡಿನ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದಳು. ಬೆಳಗ್ಗೆ ಯಜಮಾನರು ಮೂಲೆಯ ಟೀ ಅಂಗಡಿಗೆ ಪೇಪರ್ ಓದಲು ಹೋಗುತ್ತಿದ್ದರು. ಮನೆಯಲ್ಲಿ ಟನ್ನುಗಟ್ಟಲೆ ಪೇಪರ್ ಇಟ್ಟುಕೊಂಡು ಅಲ್ಲಿಗೆ ಹೋಗಿ ಓದುವ ಪುಣ್ಯಾತ್ಮ! ಅವರು ಅತ್ತ ಹೋಗುವುದು, ಇವಳು ಇತ್ತ ಆರಿಸಲು ಸುರಿದ ರಾಶಿಗೆ ನೀರು ಚಿಮುಕಿಸುವುದು. ವಾರ ಕಳೆಯುವಷ್ಟರಲ್ಲಿ ಕೆಮ್ಮು ಇಳಿಯಿತು. ತಿಂಗಳಿಗೆ ನಿಂತೇ ಹೋಯಿತು.

"ನೋಡಿದ್ಯಾ?" ಎಂದು ಯಜಮಾನರು ಎದೆ ತಟ್ಟಿಕೊಂಡಿದ್ದರು. "ಡಾಕ್ಟರ್ ಮಾತ್ರೆ ಬೇಡ, ಮುಖಬಟ್ಟೆ ಬೇಡ. ಬೆಳಗ್ಗೆ ಎದ್ದು ಟೀ ಅಂಗಡಿವರೆಗೆ ನಡೀತೀನಲ್ಲ, ಅದೇ ಔಷಧಿ."

"ಹೌದು" ಎಂದಿದ್ದಳು ಅಮ್ಮ. ಗಂಡಸರಿಗೆ ಇಂಥ ಸಣ್ಣಪುಟ್ಟ ಗೆಲುವು ಬಿಟ್ಟುಕೊಟ್ಟರೆ ಮನೆ ತಣ್ಣಗಿರುತ್ತದೆ.

ಬೇಸಿಗೆಯಲ್ಲಿ ಆ ನೀರು ತಗಡಿನ ಕಾವಿಗೆ ಆರಿಹೋಗುತ್ತಿತ್ತು. ಮಳೆ ಹಿಡಿದ ಮೇಲೆ ಬಾಗಿಲು ಹಾಕಿದ ಗೋದಾಮಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಇದು ಅವಳಿಗೆ ಹೊಳೆದಿರಲಿಲ್ಲ. ಡಬ್ಬದಿಂದ ಶುರುವಾದದ್ದು ಯಾವಾಗಲೋ ಬಕೆಟ್ಟಿಗೆ, ಆಮೇಲೆ ಎರಡು ಬಕೆಟ್ಟಿಗೆ ಏರಿತ್ತು. ಅಭ್ಯಾಸ ಎನ್ನುವುದು ಹಾಗೆಯೇ, ಅಳತೆ ಕೇಳುವುದಿಲ್ಲ.

ಬೇಲು ಬಿಚ್ಚಿದ ಮರುದಿನ ಅಮ್ಮ ಡಬ್ಬ ಮುಟ್ಟಲಿಲ್ಲ. ರದ್ದಿ ಆರಿಸುವ ಹೆಂಗಸರಲ್ಲಿ ಹಿರಿಯಳು ರಟ್ಟಕ್ಕ. ರಟ್ಟು, ಬಿಳಿ ಹಾಳೆ, ಪತ್ರಿಕೆ ಎಂದು ಬೇರೆ ಮಾಡುವಾಗ ರಟ್ಟೆಲ್ಲ ಅವಳ ಪಾಲು, ಅದಕ್ಕೆ ಆ ಹೆಸರು. ಅವಳು ಬಂದು ರಾಶಿ ಮುಟ್ಟಿ ನೋಡಿ ಹುಬ್ಬೇರಿಸಿದಳು.

"ಏನಮ್ಮ, ಇವತ್ತು ರಾಶಿಗೆ ಸ್ನಾನ ಇಲ್ವಾ?"

"ಬಾಯಿ ಮುಚ್ಚೇ."

"ಮುಚ್ಚಿದೀನಿ. ವರ್ಷದಿಂದ ಮುಚ್ಚೇ ಇದೀನಿ. ನಂಗೂ ಗಂಟಲು ಹಾಯಾಗಿತ್ತು, ಅದಕ್ಕೆ." ರಟ್ಟಕ್ಕ ಗೋಣಿ ಹಾಸಿಕೊಂಡು ಕೂತಳು. "ಆದ್ರೆ ಒಂದು ಮಾತು. ಇದು ನನ್ನ ತಲೆ ಮೇಲೆ ಬಂತು ಅಂದ್ರೆ ಮಾತ್ರ ಬಾಯಿ ತೆಗೀತೀನಿ. ಈಗ್ಲೇ ಹೇಳಿರ್ತೀನಿ."

ಆ ಮಧ್ಯಾಹ್ನ ಯಜಮಾನರು ರಾಶಿಯ ಪಕ್ಕದಿಂದ ಎದ್ದು ಊಟಕ್ಕೆ ಬರುವಾಗಲೇ ಕೆಮ್ಮುತ್ತಿದ್ದರು. ಎರಡು ತುತ್ತು ಇಳಿಯಿತು. ಮೂರನೆಯದು ಹತ್ತಿಕೊಂಡಿತು. ಕಣ್ಣು ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಗೋಡೆ ಹಿಡಿದು ನಿಂತರು. ಮಗಳು ಬೆನ್ನು ಸವರಿದಳು. ಪುಟ್ಟಿ, ಅಂದರೆ ಮೊಮ್ಮಗಳು, ತನ್ನ ತಟ್ಟೆಯ ಮೇಲೆ ಎರಡೂ ಕೈ ಮುಚ್ಚಿಕೊಂಡು ಕೂತಳು.

"ಚಿಂತೆಗೆ ಬಂದಿದ್ದು" ಎಂದರು ಯಜಮಾನರು ಉಸಿರು ತಿರುಗಿದ ಮೇಲೆ. "ಲೋಡು ವಾಪಸ್ ಬಂದ್ರೆ ಕೆಮ್ಮು ಬರದೆ ನಗು ಬರುತ್ತಾ?"

ಮೂರು ದಿನ ಅಮ್ಮ ತಡೆದಳು. ರಾತ್ರಿಯ ಕೆಮ್ಮಿಗೆ ಮೇಲಿನ ತಗಡೂ ಗುಯ್‌ಗುಡುತ್ತಿತ್ತು. ನಾಲ್ಕನೆಯ ಬೆಳಗ್ಗೆ ಅವರು ಟೀ ಅಂಗಡಿಗೆ ಹೊರಟ ಬೆನ್ನಿಗೇ ಅವಳು ಬಕೆಟ್ ತುಂಬಿದಳು. ಒಂದೇ ಸಾಕು, ಎರಡು ಬೇಡ ಎಂದುಕೊಂಡಳು. ಸಂಜೆ ಇವರು ಮತ್ತೆ ಎದೆ ಹಿಡಿದುಕೊಂಡಾಗ, ನಾಳೆ ಎರಡೇ ಇರಲಿ ಎಂದುಕೊಂಡಳು.

ಅತ್ತ ಅಳಿಯನ ಪಾಡು ನಾಯಿಪಾಡಾಯಿತು. ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದಾಗ "ಒಂದೆರಡು ತಿಂಗಳಿಗೆ" ಎಂದು ಹೆಂಡತಿ ಮಗುವಿನೊಂದಿಗೆ ಬಂದವನು. ಆ ಎರಡು ತಿಂಗಳು ಮೂರು ವರ್ಷವಾಗಿತ್ತು. ಮನೆ ಅಳಿಯನಿಗೆ ಅನ್ನ ಬಿಸಿಯಾಗಿದ್ದರೂ ಗಂಟಲಿಗೆ ತಣ್ಣಗೆ ಇಳಿಯುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಯಜಮಾನರು ಈಗ ಟೆಂಪೋದಲ್ಲಿ ಅವನ ಪಕ್ಕ ಕೂತು ತಾವೂ ಹೊರಟರು. ಪ್ರತಿ ಅಂಗಡಿಯಲ್ಲೂ ಇಳಿದು ಪ್ರತಿ ಕಟ್ಟಿನಿಂದ ಒಂದು ಹಾಳೆ ಎಳೆದು ಕಿವಿಯ ಹತ್ತಿರ ಮುದುರಿದರು. ಟಾರ್ಪಾಲಿನ ಗಂಟು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಪುಸ್ತಕದಂಗಡಿಯವನು ಕೇಳಿಯೇಬಿಟ್ಟ: "ಏನ್ ಯಜಮಾನ್ರೇ, ಅಳಿಯಂದ್ರಿಗೆ ಕಾವಲಿಗೆ ಬಂದ್ರಾ?"

ಯಜಮಾನರು ಇಲ್ಲವೆನ್ನಲಿಲ್ಲ.

ಆ ದಿನ ಅಳಿಯ ಮಾವನನ್ನು ಬಾಗಿಲಲ್ಲಿ ಇಳಿಸಿ ಟೆಂಪೋ ತಿರುಗಿಸಿಕೊಂಡು ಹೋದ, ಊಟಕ್ಕೆ ಬರಲಿಲ್ಲ. ಮಗಳು ತಟ್ಟೆಗೆ ಮುಚ್ಚಳ ಮುಚ್ಚಿ ಕಾದಳು. ಸಂಜೆ ಅವನು ಬಂದವನೇ ಅಂಗೈಯಷ್ಟು ದೊಡ್ಡ ಮೀಟರೊಂದನ್ನು ಮೆಟ್ಟಿಲ ಮೇಲಿಟ್ಟ. ಮಿಲ್ಲಿನ ಮೀಟರಿನವನ ಕೈಕಾಲು ಹಿಡಿದು ಹಳೆಯದೊಂದು ಇಸಿದುಕೊಂಡು ಬಂದಿದ್ದ.

"ಅತ್ತೆ, ನೀವೇ ನೋಡಿ. ನೀವು ನೋಡಿದ್ರೆ ಸಾಕು ನಂಗೆ."

ಟೆಂಪೋದಲ್ಲಿದ್ದ ಕಟ್ಟುಗಳಿಗೆ ಒಂದೊಂದಾಗಿ ಚುಚ್ಚಿದ. ಹತ್ತು. ಒಂಬತ್ತು. ಹನ್ನೊಂದು. ಹತ್ತು. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಅವನು ತಂದ ಕಾಗದ ಹಪ್ಪಳದಂತಿತ್ತು.

"ನಾನು ತಂದಾಗ ಒಣ. ಇಲ್ಲಿಂದ ಹೋಗೋವಾಗ ಒದ್ದೆ. ನಡುವೆ ಏನೋ ಆಗ್ತಿದೆ ಅತ್ತೆ. ಆ ಆರಿಸೋ ಹೆಂಗಸರು ಏನಾದ್ರೂ..."

"ಅವರಲ್ಲ" ಎಂದಳು ಅಮ್ಮ ತಟ್ಟನೆ.

"ನಿಮಗೆ ಹೇಗೆ ಗೊತ್ತು?"

"ಅವರಲ್ಲ ಅಂದೆ. ಬನ್ನಿ, ಬೇಳೆ ಬಿಸಿ ಮಾಡಿದೀನಿ. ಬೆಳಗ್ಗೆಯಿಂದ ಹೊಟ್ಟೆಗೇನೂ ಇಲ್ಲ."

ಅವನು ಉಂಡ. ಅಮ್ಮ ಎದುರು ಕೂತು ಬಡಿಸಿದಳು. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಆ ಕೆಮ್ಮು. ಹೇಳದಿದ್ದರೆ ಈ ಮುಖ. ಮೊಟ್ಟೆಯೊಂದನ್ನು ಸುಲಿದು ಅವನ ತಟ್ಟೆಗೆ ಹಾಕಿದಳು. ಬಾಯಿಂದ ಬರದ ಮಾತಿಗೆ ಕೈ ಮಾಡುವ ಉಪಕಾರ ಅಷ್ಟೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಮ್ಮೆಗೆ ಬರೆ ಬಿದ್ದದ್ದು ಮುಂದಿನ ಭಾನುವಾರ. ಯಜಮಾನರು ಟೆಂಪೋದ ಸೀಟಿನಡಿ ಹಗ್ಗ ಹುಡುಕುತ್ತಿದ್ದರು. ಹಗ್ಗದ ಬದಲು ಸಿಕ್ಕಿದ್ದು ನೀರು ತುಂಬಿದ ದೊಡ್ಡ ಕ್ಯಾನು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕೆಮ್ಮುತ್ತ, ನೇರ ಅಡುಗೆಮನೆಗೆ ಬಂದು ಊಟದ ತಟ್ಟೆಗಳ ನಡುವೆ ಧಡ್ಡನೆ ಇಟ್ಟರು.

"ಏನಿದು?"

"ನೀರು ಮಾವ."

"ಕಣ್ಣಿದೆ ನಂಗೆ. ಯಾಕೆ ಅಂತ."

"ರೇಡಿಯೇಟರ್ ಸೋರುತ್ತೆ. ದಾರೀಲಿ ಎರಡು ಸಲ ತುಂಬ್ಬೇಕು. ಸರಿಮಾಡಿಸಿ ಅಂತ ನಿಮಗೇ ಹೇಳಿ ಎಷ್ಟು ದಿನ ಆಯ್ತು!"

"ರೇಡಿಯೇಟರ್‌ಗೆ ಇಷ್ಟು ನೀರಾ? ಅಂಗಡೀಲಿ ಒಣ ತೋರ್ಸೋದು, ದಾರೀಲಿ ನೀರು ಹೊಡೆಯೋದು! ನೀರಲ್ಲಿ ತೂಕ ಸರಿಮಾಡಿ ಒಂದೆರಡು ಕಟ್ಟು ಯಾರ ಅಂಗಡಿಗೆ ಇಳಿಸ್ತಿದ್ದೀಯ? ಹೇಳು. ನೀನು ಹೇಳು."

ಮೂರು ವರ್ಷದಲ್ಲಿ ಅವರು ಅಳಿಯನನ್ನು "ನೀನು" ಎಂದದ್ದು ಅದೇ ಮೊದಲು.

"ಅಪ್ಪಾ!" ಎಂದಳು ಮಗಳು. "ಯಾರನ್ನ ಏನಂತಿದ್ದೀಯ, ಗೊತ್ತಾ ನಿಂಗೆ?"

"ಗೊತ್ತು. ನನ್ನ ಹೆಸರು ಗೇಟಲ್ಲಿ ಹರಾಜಾಗಿದ್ದೂ ಗೊತ್ತು."

"ನಿನ್ನ ಹೆಸರಿಗೆ ನನ್ನ ಗಂಡನ್ನ ಕಳ್ಳ ಮಾಡ್ತೀಯಾ? ಸಂಬಳ ಅಂತ ಕೈಗೆ ಕೊಟ್ಟಿದ್ದು ಎಷ್ಟು ಸಲ, ಹೇಳು ನೋಡೋಣ. ಅನ್ನಕ್ಕೆ ಸಂಬಳ ವಜಾ ಅಂತ ದುಡಿಸ್ಕೊಂಡ್ಯಲ್ಲ!"

"ಮೂರು ಜನಕ್ಕೆ ಅನ್ನ ಹಾಕಿದ್ದು ಲೆಕ್ಕಕ್ಕಿಲ್ವಾ?"

"ಇವತ್ತಿಂದ ಉಳೀತು ಬಿಡು" ಎಂದಳು ಮಗಳು. ಅವಳು ಎದ್ದು ಪುಟ್ಟಿಯ ಕೈ ತೊಳೆಸಿದಳು, ಮಗುವಿನ ಬಾಯಲ್ಲಿ ಇನ್ನೂ ತುತ್ತಿತ್ತು.

ಅಳಿಯ ಕ್ಯಾನು ಎತ್ತಿಕೊಂಡು ಹೋಗಿ ಟೆಂಪೋದ ಸೀಟಿನಡಿಯೇ ಇಟ್ಟು ಬಂದ.

ಮಗಳೂ ಅಳಿಯನೂ ಮಿಲ್ಲಿನ ಆಚೆ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ ನೋಡಿದರು. ಇನ್ನೊಬ್ಬ ರದ್ದಿ ವ್ಯಾಪಾರಿಯ ಲಾರಿಗೆ ಡ್ರೈವರ್ ಬೇಕಾಗಿತ್ತು. ಆ ವಾರವೆಲ್ಲ ಮನೆಯಲ್ಲಿ ಜನ ಒಬ್ಬರಿಗೊಬ್ಬರು ಗೋಡೆಯಾಗಿ ಓಡಾಡಿದರು. ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರು ಬಂದು ಕೂರುವರು. ಅಮ್ಮನಿಗೆ ಒಂದು ಊಟ ನಾಲ್ಕು ಊಟವಾಗಿ, ಸೊಂಟ ಹಿಡಿದುಕೊಂಡಿತು. ಮಗಳು ಟ್ರಂಕು ತುಂಬುವಾಗ ಅಮ್ಮ ಪುಟ್ಟಿಯ ಬಟ್ಟೆ ಮಡಚಿ ಕೊಟ್ಟಳು. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದಳು.

"ಅಮ್ಮ, ನೀನಾದ್ರೂ ಒಂದು ಮಾತು ಅಪ್ಪನಿಗೆ ಹೇಳ್ಬಾರದಿತ್ತಾ?" ಎಂದಳು ಮಗಳು, ಟ್ರಂಕಿನಿಂದ ತಲೆ ಎತ್ತದೆ.

ಅಮ್ಮ ಕೆಳಗೆ ಇಳಿದು ಬಂದರೆ ಗೋದಾಮಿನ ಮೂಲೆಯಲ್ಲಿ ತೂತಿನ ಡಬ್ಬ ಬೋರಲು ಬಿದ್ದಿತ್ತು. ಅದನ್ನು ಕಾಲಿನಿಂದ ಸರಿಸಿ, ಆಮೇಲೆ ಬಗ್ಗಿ ಎತ್ತಿಟ್ಟಳು.

ಹೊರಡುವ ಬೆಳಗ್ಗೆ ಮಳೆ ಸಣ್ಣಗೆ ಜಿನುಗುತ್ತಿತ್ತು. ಯಜಮಾನರು ಯಾರ ಮುಖವೂ ನೋಡದೆ ಟೀ ಅಂಗಡಿಗೆ ಹೋದರು. ಅಮ್ಮ ಎರಡು ಬಕೆಟ್ ತುಂಬಿಸಿ ರಾಶಿಯ ಪಕ್ಕದಲ್ಲಿಟ್ಟಳು. ದಿನವೂ ಅವರು ಹೋದ ತಕ್ಷಣ ಅವಸರದಲ್ಲಿ ಮುಗಿಸುತ್ತಿದ್ದವಳು ಅಂದು ಅವಸರ ಮಾಡಲಿಲ್ಲ. ಡಬ್ಬ ಹಿಡಿದು ಒಂದು ಬೇಲಿನ ಮೇಲೆ ಕೂತಳು. ರಟ್ಟಕ್ಕ ಬಂದು ನೋಡಿ, ಮಾತಿಲ್ಲದೆ ಗೋಣಿ ಹಾಸಿಕೊಂಡಳು. ಅಳಿಯ ಟ್ರಂಕನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದ, ಹಿಂದೆ ಮಗಳು, ಪುಟ್ಟಿ. ಸರಿಯಾಗಿ ಅದೇ ಹೊತ್ತಿಗೆ ಯಜಮಾನರು ಬಾಗಿಲಲ್ಲಿ ಕಾಣಿಸಿಕೊಂಡರು.

ಆಗ ಅಮ್ಮ ಎದ್ದಳು. ಡಬ್ಬವನ್ನು ಬಕೆಟ್ಟಿನಲ್ಲಿ ಅದ್ದಿ, ರಾಶಿಯ ಮೇಲೆ ತೋಳು ಚಾಚಿ ಚಿಮುಕಿಸತೊಡಗಿದಳು. ಈ ಕಡೆಯಿಂದ ಆ ಕಡೆಗೆ, ಸಸಿಗೆ ನೀರು ಹಾಕುವವರ ಹಾಗೆ, ನಿಧಾನವಾಗಿ.

"ಏಯ್! ಏನ್ ಮಾಡ್ತಿದ್ದೀಯ?"

"ದಿನಾ ಮಾಡೋದನ್ನ."

"ತಲೆ ಕೆಟ್ಟಿದ್ಯಾ? ಕಾಗದಕ್ಕೆ ನೀರು ಹಾಕ್ತೀಯಾ? ನನ್ನ ಗೋದಾಮಲ್ಲಿ?"

"ಧೂಳು ಏಳ್ಬಾರ್ದು ಅಂತ ಹಾಕ್ತೀನಿ."

ಅವರು ಬಾಯಿ ತೆರೆದು ನಿಂತರು. "ಯಾವಾಗಿಂದ?"

"ನಿಮ್ಮ ಕೆಮ್ಮು ನಿಂತಾಗಿಂದ."

"ಕೆಮ್ಮು ನಿಂತಿದ್ದು ನಾನು ನಡೆಯೋಕೆ ಹೋಗಿದ್ದಕ್ಕೆ."

"ಹೌದು. ನೀವು ನಡೆಯೋಕೆ ಹೋದಾಗ್ಲೇ ನಾನು ಹಾಕ್ತಿದ್ದೆ."

ರಟ್ಟಕ್ಕ ಕಿಸಕ್ಕೆಂದು ನಕ್ಕು, ಗೋಣಿಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಯಜಮಾನರು ರಾಶಿಯ ಹತ್ತಿರ ಬಂದು ಒಂದು ಹಾಳೆ ಎತ್ತಿದರು. ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದರು. ಮುದುರದೆ ಕೆಳಗೆ ಬಿಟ್ಟರು.

"ಬಾಯಿಗೆ ಬೀಗ ಹಾಕ್ಕೊಂಡಿದ್ಯಾ ಅಮ್ಮ ಇಷ್ಟು ದಿನ?" ಎಂದಳು ಮಗಳು. ಅವಳ ದನಿ ಅಪ್ಪನನ್ನು ಬೈದಾಗಿನದಕ್ಕಿಂತ ಸಣ್ಣದಾಗಿತ್ತು, ಅದಕ್ಕೇ ಹೆಚ್ಚು ಚುಚ್ಚಿತು. "ಎದುರಿಗೆ ಕೂತು ಅವರಿಗೆ ಬಡಿಸ್ತಿದ್ದೆ. ಬಡಿಸ್ತಾ ಸುಮ್ನಿದ್ದೆ."

"ಸುಮ್ನಿದ್ದೆ" ಎಂದಳು ಅಮ್ಮ. "ಇವರು ಕಳ್ಳ ಅಂದ್ರು, ನಾನು ಅನ್ನೋಕೆ ಬಿಟ್ಟೆ. ಹೇಳಿದ್ರೆ ಈ ನೀರು ನಿಲ್ಲಿಸ್ತೀರಿ. ನಿಲ್ಲಿಸಿದ್ರೆ ಇವರು ಕೆಮ್ಮಿ ಕೆಮ್ಮಿ... ಮೂರು ದಿನ ನಿಲ್ಲಿಸಿ ನೋಡ್ದೆ. ಆಗ್ಲಿಲ್ಲ ನನ್ನ ಕೈಲಿ. ಅಳಿಯಂದ್ರೇ, ನೀವು ತಂದಿದ್ದು ಒಣಗೇ ಇತ್ತು. ನಾನು ನೋಡಿದೀನಿ."

ಯಜಮಾನರು ಏನೋ ಹೇಳಹೊರಟರು, ಕೆಮ್ಮು ಬಂತು. ಗೋಡೆ ಹಿಡಿದರು. ಅದು ಮುಗಿಯುವವರೆಗೂ ಎಲ್ಲರೂ ಕಾದರು. ಆ ಮನೆಯಲ್ಲಿ ಕೆಮ್ಮು ಮುಗಿಯುವವರೆಗೆ ಮಾತು ಕಾಯುವುದು ವಾಡಿಕೆಯೇ ಆಗಿತ್ತು.

ಕೊನೆಗೆ ಅಳಿಯ ಬಾಯಿಬಿಟ್ಟ. "ಮಾವ, ಈ ಟ್ರಂಕು ಒಳಗಿಡ್ಲಾ ಹೊರಗಿಡ್ಲಾ, ಅದೊಂದು ಹೇಳಿ. ಹೆಗಲು ನೋಯ್ತಿದೆ."

ಯಜಮಾನರು ಬಾಗಿಲಾಚೆ ಜಿನುಗುವ ಮಳೆ ನೋಡಿದರು.

"ಒಳಗಿಡಿ" ಎಂದರು. "ಒದ್ದೆಯಾಗುತ್ತೆ."

ತಪ್ಪಾಯಿತು ಎನ್ನುವ ಮಾತು ಆ ಬಾಯಿಂದ ಅದಕ್ಕಿಂತ ಹತ್ತಿರಕ್ಕೆ ಯಾವತ್ತೂ ಬರಲಿಲ್ಲ. "ಇಡು" ಎನ್ನದೆ "ಇಡಿ" ಎಂದದ್ದನ್ನು ಮಗಳು ಗಮನಿಸಿದಳು, ಗಮನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ. ಟ್ರಂಕು ಮೆಟ್ಟಿಲ ಕೆಳಗೆ ಕೂತಿತು. ಅವಳು ಅದನ್ನು ಬಿಚ್ಚಿ ಖಾಲಿ ಮಾಡಲಿಲ್ಲ. ದಿನಕ್ಕೆ ಬೇಕಾದ ಬಟ್ಟೆ ಅದರಿಂದಲೇ ತೆಗೆದುಕೊಂಡಳು, ಒಗೆದು ಒಣಗಿಸಿ ಅದರಲ್ಲೇ ಇಟ್ಟಳು. ಅಮ್ಮನೊಂದಿಗೆ ಮಾತು ಉಪ್ಪು ಕೊಡು, ಸೌಟು ಕೊಡು ಎನ್ನುವಷ್ಟರಲ್ಲೇ ನಿಂತಿತ್ತು.

ಆ ಮೇಲಿನ ವಾರಗಳಲ್ಲಿ ಗೋದಾಮಿನ ವ್ಯವಸ್ಥೆ ಬದಲಾಯಿತು. ಅಳಿಯ ಹಿಂದಿನ ಗೋಡೆಯಲ್ಲಿ ಕಿಂಡಿ ಒಡೆದು ಫ್ಯಾನು ಕೂರಿಸಿದ. ಬೇಲುಗಳ ಕೆಳಗೆ ಮರದ ಹಲಗೆ ಬಂತು. ರಾಶಿಗೆ ನೀರು ಹಾಕುವುದು ನಿಂತಿತು. ಅಮ್ಮ ಹಳೆಯ ದಿಂಬಿನ ಚೀಲಗಳನ್ನೆಲ್ಲ ಕತ್ತರಿಸಿ, ಆರಿಸುವ ಹೆಂಗಸರಿಗೆ ಮುಖಬಟ್ಟೆ ಹೊಲಿದಳು.

"ಕಾಗದಕ್ಕೆ ಮೀಟರ್ ಬಂತು, ಫ್ಯಾನ್ ಬಂತು, ಹಲಗೆ ಬಂತು" ಎಂದಳು ರಟ್ಟಕ್ಕ, ಬಟ್ಟೆಯೊಳಗಿಂದ. "ನಮಗೆ ದಿಂಬಿನ ಚೀಲ. ಸದ್ಯ, ದಿಂಬನ್ನೇ ಕಟ್ಟಲಿಲ್ಲ. ನಮ್ಮ ಎದೆಗೆ ಯಾರಮ್ಮ ಸೂಜಿ ಚುಚ್ಚಿ ನೋಡ್ತಾರೆ?"

ಅಮ್ಮ ಲೋಟ ಮುಂದೆ ಚಾಚಿದಳು. "ಟೀ ಇಟ್ಟಿದೀನಿ, ತಗೋ" ಎಂದಳು.

ಯಜಮಾನರು ಮುಖಬಟ್ಟೆ ಕಟ್ಟಲಿಲ್ಲ. ಕಟ್ಟುವುದಿಲ್ಲ ಎಂದಮೇಲೆ ಗೋದಾಮಿನೊಳಗೆ ಜಾಗವೂ ಇಲ್ಲ ಎಂದು ಮಗಳು ಅವರ ಕುರ್ಚಿಯನ್ನು ಎತ್ತಿ ಬೀದಿಯ ಬದಿಗೆ, ಮಾಡಿನ ಚಾಚಿನ ಕೆಳಗೆ ಇಟ್ಟಳು. ಒಂದು ದಿನ ಕೂಗಾಡಿದರು. ಎರಡನೆಯ ದಿನ ಕುರ್ಚಿಯನ್ನು ತಾವೇ ಒಳಗೆ ತಂದರು, ಮಗಳು ತಿರುಗಿ ಹೊರಗಿಟ್ಟಳು. ಆಮೇಲೆ ಅಲ್ಲೇ ಕೂತರು. ಸಂತೆ ಮುಗಿದ ಮೇಲೆ ಉಳಿದ ಮೂಟೆಯ ಹಾಗೆ.

ಮಳೆ ಹಿಂದೆಗೆದ ಒಂದು ಬೆಳಗ್ಗೆ ಲೋಡು ತುಂಬಿತು. ಹೊರಡುವ ಮುಂಚೆ ಅಳಿಯ ಒಂದು ಹಿಡಿ ಕಾಗದ ತಂದು ಮಾವನ ಮುಂದೆ ಹಿಡಿದ.

"ನೋಡಿ ಮಾವ, ಏನನ್ನುತ್ತೆ?"

ಯಜಮಾನರು ಹಾಳೆಯೊಂದನ್ನು ಕಿವಿಗೆ ಹಿಡಿದು ಮುದುರಿದರು. ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು. ಇನ್ನೊಮ್ಮೆ ಮುದುರಿದರು.

"ಈ ಗಲಾಟೆಯಲ್ಲಿ ಏನ್ ಕೇಳುತ್ತೆ? ಚುಚ್ಚಿ ನೋಡಿ" ಎಂದರು.

"ಚುಚ್ಚಿದೀನಿ. ಹದಿಮೂರು."

"ಇನ್ನೂ ಒಂದು ಜಾಸ್ತಿ."

"ಕಡಿತ ಹಾಕ್ತಾರೆ. ಆದ್ರೆ ಇಳಿಸ್ಕೋತಾರೆ."

"ರೇಡಿಯೇಟರ್‌ಗೆ ನೀರಿದ್ಯಾ?"

ಅಳಿಯ ಅವರ ಮುಖ ನೋಡಿದ. "ಇದೆ ಮಾವ. ಕ್ಯಾನು ಸೀಟಿನಡಿ ಇದೆ."

ಟೆಂಪೋ ಹೊರಟಿತು. ಒಣಗಿದ ಬೀದಿಯಿಂದ ಒಂದು ಮೋಡದಷ್ಟು ಧೂಳು ಎದ್ದು ಚಾಚಿನ ಕೆಳಗೆ ನುಗ್ಗಿತು. ಯಜಮಾನರು ಕೆಮ್ಮಿದರು. ಒಳಗಿನಿಂದ ಅಮ್ಮ ಬಂದಳು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ತೂತಿನ ಡಬ್ಬ. ಸೊಂಟ ಬಗ್ಗಿಸಿ ಕುರ್ಚಿಯ ಸುತ್ತಲೂ ಬೀದಿಯ ಮಣ್ಣಿಗೆ ನೀರು ಚಿಮುಕಿಸತೊಡಗಿದಳು.

"ಇಲ್ಲೂ ಶುರು ಮಾಡಿದ್ಯಾ?"

"ಇಲ್ಲಿ ಯಾರೂ ಮೀಟರ್ ಇಡಲ್ಲ" ಎಂದಳು ಅಮ್ಮ. "ಕಾಲು ಎತ್ತಿ."

ಯಜಮಾನರು ಕಾಲು ಎತ್ತಿ ಕೂತರು.